ಐದನೇ ಹಾಳೆಯ ಅತ್ತೆ

ಕೊಪ್ಪಲು, ಕೃಷ್ಣರಾಜಪೇಟೆ ತಾಲ್ಲೂಕು
೧೨-೬-೧೯೯೭

ಸೌಭಾಗ್ಯವತಿ ಪ್ರಮೀಳಾಳಿಗೆ,

ಲಕ್ಷ್ಮೀದೇವಮ್ಮ ತಾಯಿ ನಿನ್ನನ್ನು ಆ ದೂರದ ಹೈದರಾಬಾದಿನಲ್ಲಿ ಕಾಯಲಿ. ನಿನ್ನ ಅತ್ತೆ ಜಯಲಕ್ಷ್ಮಮ್ಮ ಬರೆಯುವುದು. ಇಲ್ಲಿ ನಿನ್ನ ಮಾವ, ನಿನ್ನ ಗಂಡ ಕುಮಾರ, ನಿನ್ನ ಮಗಳು ಭೂಮಿಕ, ಎರಡು ಹಸು, ಒಂದು ಕರು, ಎಲ್ಲರೂ ಇದ್ದೇವೆ. ಮಗು ಒಂದನೇ ಕ್ಲಾಸಿಗೆ ಸೇರಿತು. ಮೊದಲ ದಿನ ಅದು ಅಳಲಿಲ್ಲ, ಬಿಟ್ಟು ಬರುವಾಗ ನಾನೇ ಸೆರಗು ಕಣ್ಣಿಗೆ ಒತ್ತಿಕೊಂಡೆ. ಅದನ್ನು ನೋಡಿ, "ಅಜ್ಜಿ, ನೀನೂ ಸೇರ್ಕೊಬುಡು, ಮಿಸ್ಸು ಏನೂ ಅನ್ನಕಿಲ್ಲ" ಅಂದಿತು.

ನಿನ್ನ ಜೊತೆ ಅದೇ ಲೆಕ್ಕದ ಸಂಶೋಧನೆ ಮಾಡುವ ಪಾಂಡವಪುರದ ಅರುಣ್ ರಜೆಗೆ ಬಂದವರು ಹೋದ ಭಾನುವಾರ ಇಲ್ಲಿಗೂ ಬಂದು ನೀನು ಕೊಟ್ಟ ಕಾಗದದ ಕಟ್ಟು ತಲುಪಿಸಿದರು. ಕಂಪ್ಯೂಟರಿನಿಂದ ಬಂದ ಬೇಡದ ಹಾಳೆ, ಹಿಂದೆ ಖಾಲಿ, ಮಗು ಗೀಚಲಿ ಅಂತ ನೀನು ಚೀಟಿ ಇಟ್ಟಿದ್ದೆ. ಎರಡೂ ಅಂಚಿಗೆ ತೂತು ತೂತು. ಮಗು ಆ ತೂತಿನ ಪಟ್ಟಿ ಹರಿದು ಕರುವಿನ ಕೊರಳಿಗೆ ಹಾರ ಮಾಡಿ ಹಾಕಿದೆ. ಕರು ಅರ್ಧ ತಿಂದಿದೆ.

ಅರುಣ್ ಕಾಫಿ ಕುಡಿಯುತ್ತಾ, "ಪ್ರಮೀಳಾ ಅವ್ರು ಇನ್ನೇನು ನಾಗಮಂಗ್ಲಕ್ಕೆ ಬಂದ್ಬುಡ್ತಾರಲ್ಲಮ್ಮ, ನಿಮಗೆ ಹತ್ರ ಆಯ್ತು" ಅಂದರು. "ನಾಗಮಂಗ್ಲದಲ್ಲಿ ನಮ್ಮೋರು ಯಾರವ್ರಪ್ಪ?" ಅಂದೆ. ಅವರು ಲೋಟ ಕೆಳಗಿಟ್ಟು ಬಸ್ಸಿಗೆ ಹೊತ್ತಾಯಿತು ಅಂದರು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ಆ ಹಾಳೆಯ ಮುಂಭಾಗ ಓದಬಾರದು ಅಂತ ನೀನು ಬರೆದಿರಲಿಲ್ಲ. ನಾನು ಏಳನೇ ಕ್ಲಾಸು ಮುಗಿಸಿದವಳು. ಇಂಗ್ಲಿಷು ಅಕ್ಷರ ಕೂಡಿಸಲು ಬರುತ್ತದೆ, ಅರ್ಥ ಮಾತ್ರ ಆಗುವುದಿಲ್ಲ. ಅಕ್ಕಿ ಆರಿಸುತ್ತಾ ಕೂತಿದ್ದಾಗ ಒಂದು ಹಾಳೆ ತಿರುಗಿಸಿ ನೋಡಿದೆ. ಎ, ಟಿ, ಟಿ, ಇ. ಇನ್ನೊಂದು ಸಲ ಕೂಡಿಸಿದೆ. ಅತ್ತೆ. ಅದರ ಮುಂದೆ ಸಮ ಅನ್ನುವ ಎರಡು ಗೆರೆ. ಅದರ ಮುಂದೆ ಸೊನ್ನೆ.

ಬೇರೆ ಯಾವುದೋ ದೇಶದ ಮಾತಿರಬೇಕು ಅಂದುಕೊಂಡೆ. ಪಕ್ಕದಲ್ಲಿ ಭೂಮಿ ಅಂತಲೂ ಇತ್ತು. ಹಾಗಾದರೆ ಅತ್ತೆ ನಾನೇ. ಇದು ಏನು, ಬಿಡುವಾದಾಗ ಬರೆ. ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ, ಸುಮ್ಮನೆ ಕೇಳಿದೆ.

ಜಯಲಕ್ಷ್ಮಮ್ಮ


ಹೈದರಾಬಾದು
೨೨-೬-೧೯೯೭

ಪೂಜ್ಯ ಅತ್ತೆಯವರಿಗೆ ಪ್ರಮೀಳಾಳ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ನಾವಿಲ್ಲಿ ಬಳಸುವ ಕಂಪ್ಯೂಟರು ಅಂಕಿಗಳಿಂದ ಮಾತ್ರವಲ್ಲ, ಅಕ್ಷರಗಳಿಂದಲೂ ಲೆಕ್ಕ ಮಾಡುತ್ತದೆ, ಶಾಲೆಯ ಬೀಜಗಣಿತದ ಹಾಗೆ. ಎಲ್ಲರೂ ಎಕ್ಸ್, ವೈ ಎಂದು ಹೆಸರಿಡುತ್ತಾರೆ. ದಿನವಿಡೀ ಅದನ್ನೇ ನೋಡಿ ಬೇಸರವಾಗಿ ನಾನು ಮನೆಯವರ ಹೆಸರು ಇಟ್ಟುಕೊಂಡೆ. ಯಾವುದಕ್ಕೆ ಎಲ್ಲವೂ ಬಂದು ಸೇರುತ್ತದೆಯೋ ಅದಕ್ಕೆ ಅತ್ತೆ ಎಂದು ಹೆಸರು. ರಾಗಿ ಅಳೆಯುವ ಮೊದಲು ಕೊಳಗವನ್ನು ಬೋರಲು ಹಾಕಿ, ಖಾಲಿ ಇದೆ ಎಂದು ತೋರಿಸುತ್ತೀರಲ್ಲ, ಆ ಸೊನ್ನೆ ಅಷ್ಟೇ.

ಒಂದೊಂದು ಹಾಳೆ ಒಂದೊಂದು ಕೆಲಸ. ಹಾಳೆಯ ತಲೆಯಲ್ಲಿ ಬಳ್ಳಿಯಂಥ ಕಂಸದೊಳಗೆ ಬರೆದ ಹೆಸರುಗಳು ಆ ಕೆಲಸದೊಳಗೆ ಮಾತ್ರ ಬದುಕುತ್ತವೆ. ಕೆಲಸ ಮುಗಿದರೆ ಅವೂ ಮುಗಿದವು. ಒಳಗಿನ ಅತ್ತೆಗೆ ಏನು ಮಾಡಿದರೂ ಹೊರಗಿನ ಅತ್ತೆಗೆ ತಗಲುವುದಿಲ್ಲ. ಆದ್ದರಿಂದ ನೀವು ಚಿಂತೆ ಮಾಡಬೇಡಿ.

ಅರುಣ್ ಹೇಳಿದ ವಿಷಯವನ್ನು ನಾನೇ ಮೊದಲು ಹೇಳಬೇಕಿತ್ತು. ನಾಗಮಂಗಲದಲ್ಲಿ ಹೊಸ ಕಾಲೇಜೊಂದು ಶುರುವಾಗುತ್ತಿದೆ. ಗಣಿತಕ್ಕೆ ಒಬ್ಬರು ಬೇಕಂತೆ, ಅರ್ಜಿ ಹಾಕಿದ್ದೇನೆ. ಹಾಸ್ಟೆಲಿನಲ್ಲಿ ಟಪಾಲು ಕಳೆದುಹೋಗುತ್ತದೆ, ಅದಕ್ಕೆ ಊರಿನ ವಿಳಾಸ ಕೊಟ್ಟೆ. ಸಂದರ್ಶನಕ್ಕೆ ಕರೆ ಬಂದರೆ ದಯವಿಟ್ಟು ಅದೇ ದಿನ ಕಳಿಸಿ. ಈ ಕೆಲಸ ಸಿಕ್ಕರೆ ಭೂಮಿಕ ಎರಡನೇ ಕ್ಲಾಸಿಗೆ ಹೋಗುವಾಗ ನಾನು ಜೊತೆಯಲ್ಲಿರುತ್ತೇನೆ. ಸಿಗದಿದ್ದರೆ ಪಿಎಚ್.ಡಿ.ಗೆ ಸೇರಿ ಇನ್ನೂ ಮೂರು ವರ್ಷ ಇಲ್ಲೇ ನಿಲ್ಲಬೇಕಾಗುತ್ತದೆ.

ನನ್ನ ಕೆಲಸ ಚೆನ್ನಾಗಿ ನಡೆದಿದೆ. ಮಾರ್ಚಿಯಲ್ಲಿ ಬಂದ ಉತ್ತರ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ನಮ್ಮ ಪ್ರೊಫೆಸರು ಅದನ್ನು ಮೂರು ಜನರಿಗೆ ತೋರಿಸಿ ಸಂತೋಷಪಟ್ಟರು.

ಮಗುವಿಗೆ ಮುತ್ತು.

ನಿಮ್ಮ ಸೊಸೆ
ಪ್ರಮೀಳಾ


ಕೊಪ್ಪಲು
೪-೭-೧೯೯೭

ಸೌ. ಪ್ರಮೀಳಾಳಿಗೆ,

ದೇವರ ದಯದಿಂದ ಮನೆಯಲ್ಲಿ ಎಲ್ಲರೂ ನೆಟ್ಟಗಿದ್ದೇವೆ. ನಿನ್ನ ಕಾಗದವನ್ನು ನಿನ್ನ ಮಾವನಿಗೆ ಓದಿ ಹೇಳಿದೆ. ಹಾಲು ಕರೆಯುತ್ತಾ ಕೇಳಿಸಿಕೊಂಡರು. "ನಿನ್ನ ಸೊನ್ನೆ ಮಾಡಕೆ ಐದ್ರಾಬಾದ್ಗಂಟ ಓಗಿದ್ದಾಳಾ? ನಾನು ಮೂವತ್ತು ವರ್ಷದಿಂದ ಇಲ್ಲೇ ಕುಂತು ನೋಡ್ತಾವ್ನಿ, ಆಗ್ನಿಲ್ವಲ್ಲ" ಅಂದರು. ಅವರಿಗೆ ಎಲ್ಲವೂ ನಗು.

ನನಗೆ ನಗು ಬರಲಿಲ್ಲ. ಕೊಳಗದ ಮಾತು ಹೇಳಿದ್ದೀಯ. ಕೊಳಗವನ್ನು ಬೋರಲು ಹಾಕುವುದು ನಾಲ್ಕು ಜನರ ಕಣ್ಣೆದುರಿಗೆ. ನಾವು ಇಲ್ಲದಾಗ ಹೈದರಾಬಾದಿನಲ್ಲಿ ಬೋರಲು ಹಾಕಿದ್ದನ್ನು ಹೇಗೆ ನಂಬುವುದು? ಮತ್ತೆ, ಒಳಗಿನ ಅತ್ತೆ, ಹೊರಗಿನ ಅತ್ತೆ ಅಂತ ಬರೆದಿದ್ದೀಯ. ಈ ಮನೆಗೆ ಇರುವವಳು ಒಬ್ಬಳೇ ಅತ್ತೆ. ಅವಳು ಯಾವತ್ತಿನಿಂದ ಹೊರಗಿನವಳಾದಳು?

ಪಕ್ಕದ ಮನೆ ಚಿಕ್ಕಬೋರಮ್ಮ ಉಪ್ಪು ಕೇಳಲು ಬಂದವಳು ನನ್ನ ಮುಖ ನೋಡಿ ವಿಷಯ ಕೇಳಿದಳು, ಹೇಳಿದೆ. ಅವಳು ಅಂದದ್ದನ್ನು ಅಂದಂತೆಯೇ ಬರೆಯುತ್ತೇನೆ. "ನಾಗಮಂಗ್ಲದಲ್ಲಿ ಕೆಲ್ಸ ಅಂದ್ರೆ ನಾಗಮಂಗ್ಲದಲ್ಲೇ ಮನೆ ಕನಕ್ಕ. ಇಲ್ಲಿಂದ ದಿನಾ ಎರಡೆರಡು ಬಸ್ಸತ್ತಿ ಯಾರು ಓಡಾಡಾರು? ಮಗನ್ನೂ ಮೊಮ್ಮಗೀನೂ ಕಟ್ಕೊಂಡು ಓಯ್ತಳೆ. ನೀನು ಹಸಾ ಕಾಯ್ಕೊಂಡು ಕೂತ್ಕೊ." ನಾನು ಉಪ್ಪು ಕೊಟ್ಟು ಕಳಿಸಿದೆ. ಮಾತು ಹೋಗಲಿಲ್ಲ.

ಆಮೇಲೆ ದೇವರಿಗೆ ದೀಪ ಹಚ್ಚಿ, ಕಟ್ಟನ್ನೆಲ್ಲ ಮಗುವಿನ ಕೈಯಿಂದ ತೆಗೆದುಕೊಂಡು ಹಾಳೆ ಹಾಳೆಯಾಗಿ ನೋಡಿದೆ. ಹದಿನಾಲ್ಕು ಹಾಳೆ ಇವೆ. ಪ್ರತಿ ಹಾಳೆಯ ತಲೆಯಲ್ಲೂ ನೀನು ಹೇಳಿದ ಕಂಸ ಇದೆ, ಅದರೊಳಗೆ ಮೂರು ಹೆಸರು: ಅತ್ತೆ, ಭೂಮಿ, ಅವರು. ಬೆರಳಿಟ್ಟುಕೊಂಡು ನೋಡಿದ್ದೇನೆ. ಐದನೇ ಹಾಳೆಯ ಕಂಸದಲ್ಲಿ ಮಾತ್ರ ಭೂಮಿ, ಅವರು, ಇಬ್ಬರೇ. ನಾನಿಲ್ಲ. ಆದರೆ ಎರಡು ಸಾಲು ಕೆಳಗೆ ಅತ್ತೆ ಸಮ ಸೊನ್ನೆ ಅಂತ ತಪ್ಪದೆ ಬರೆದಿದ್ದೀಯ. ಪಟ್ಟಿಯಿಂದ ತೆಗೆದುಹಾಕಿದ ಮೇಲೂ ಸೊನ್ನೆ ಮಾಡುವುದನ್ನು ಬಿಡಲಿಲ್ಲವಲ್ಲ, ಅಷ್ಟು ಏನು ಮಾಡಿದ್ದೆ ನಾನು?

ಇನ್ನೊಂದು ಮಾತು. ಹದಿನಾಲ್ಕು ಹಾಳೆಯಲ್ಲಿ ಕುಮಾರನ ಹೆಸರು ಎಲ್ಲೂ ಇಲ್ಲ. ಕಟ್ಟಿಕೊಂಡ ಗಂಡ ಇಲ್ಲ, ಯಾರೋ 'ಅವರು' ಇದ್ದಾರೆ. ಆ ಅವರು ಯಾರು?

ನಾಗಮಂಗಲದ ಕಾಗದ ಇನ್ನೂ ಬಂದಿಲ್ಲ.

ಜಯಲಕ್ಷ್ಮಮ್ಮ


ಹೈದರಾಬಾದು
೧೨-೭-೧೯೯೭

ಅತ್ತೆಯವರಿಗೆ ನಮಸ್ಕಾರ.

ಅವಸರದಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಿ. ಆ ಐದನೇ ಹಾಳೆಯನ್ನು ತೆಗೆದಿಡಿ. ಮಗು ಅದರ ಮೇಲೆ ಬರೆಯದಿರಲಿ. ಕಂಸದೊಳಗೆ ಅತ್ತೆ ಎಂಬ ಹೆಸರು ನಿಜವಾಗಿಯೂ ಇಲ್ಲವೇ? ದಯವಿಟ್ಟು ಇನ್ನೊಮ್ಮೆ ನೋಡಿ. ಹಾಳೆಯ ಮೇಲೆ ತಾರೀಖು ಇದ್ದರೆ ಅದನ್ನೂ ತಿಳಿಸಿ. ಅದನ್ನು ರಿಜಿಸ್ಟರ್ ಮಾಡಿ ಕಳಿಸಿ. ಯಾರಿಗೂ ತೋರಿಸಬೇಡಿ, ಅರುಣ್ ಮತ್ತೆ ಬಂದರೆ ಅವರಿಗೂ ಬೇಡ. ಏಕೆ ಎಂದು ಈಗ ಬರೆಯಲಾರೆ.

ನಾಗಮಂಗಲದಿಂದ ಏನಾದರೂ ಬಂತೇ? ಇಷ್ಟು ಹೊತ್ತಿಗೆ ಬರಬೇಕಿತ್ತು.

ಪ್ರಮೀಳಾ


ಕೊಪ್ಪಲು
೨೦-೭-೧೯೯೭

ಪ್ರಮೀಳಾಳಿಗೆ,

ನಿನ್ನ ಇನ್‌ಲ್ಯಾಂಡ್ ಬಂತು. ನಾನು ಕೇಳಿದ್ದು ನಾಲ್ಕು ಮಾತು. ಒಂದಕ್ಕೂ ಉತ್ತರವಿಲ್ಲ. ಹಾಳೆ ವಾಪಸು ಕೊಡಿ, ಯಾರಿಗೂ ತೋರಿಸಬೇಡಿ. ಇಷ್ಟೇ.

ತಪ್ಪಿಲ್ಲದವರು ಬರೆದದ್ದನ್ನು ವಾಪಸು ಕೇಳುವುದಿಲ್ಲ, ಪ್ರಮೀಳಾ. ಬೇಡದ ಕಾಗದ ಅಂತ ಮಗುವಿಗೆ ಕೊಟ್ಟದ್ದು ನೀನೇ. ನಾನು ಓದಿದೆ ಅಂದ ತಕ್ಷಣ ಅದು ರಿಜಿಸ್ಟರ್ ಮಾಡುವಂಥದ್ದು ಹೇಗಾಯಿತು? ಅರುಣ್‌ಗೂ ತೋರಿಸಬಾರದು ಅಂತೀಯ. ನಿನ್ನ ಜೊತೆ ಕೂತು ಕೆಲಸ ಮಾಡುವವರನ್ನೇ ನೀನು ನಂಬುವುದಿಲ್ಲ, ನಾನು ನಿನ್ನನ್ನು ನಂಬಬೇಕು.

ನೀನು ಕೇಳಿದಂತೆ ಇನ್ನೊಮ್ಮೆ ನೋಡಿದೆ. ಮೂಲೆಯಲ್ಲಿ ನಿನ್ನದೇ ಕೈಬರಹದಲ್ಲಿ ಮಾರ್ಚಿ ಹನ್ನೊಂದು ಅಂತ ಇದೆ. ಕಂಸದಲ್ಲಿ ನಾನಿಲ್ಲ. ಕುಮಾರನ ಕೈಯಲ್ಲೂ ಓದಿಸಿದೆ. ಕೆ.ಇ.ಬಿ. ಲೈನ್‌ಮನ್ ಆದವನಿಗೆ ಅಷ್ಟು ಇಂಗ್ಲಿಷು ಬರುತ್ತದೆ. "ಇಲ್ಲ ಕನವ್ವ. ಅದಕ್ಕೇನೀಗ?" ಅಂದ. ಗಂಡಸರಿಗೆ ಎಲ್ಲದಕ್ಕೂ ಅದಕ್ಕೇನೀಗ.

ಹಾಳೆ ದೇವರ ಗೂಡಿನಲ್ಲಿ ತಾಯಿಯ ಪಟದ ಹಿಂದೆ ಇದೆ. ಅಲ್ಲಿಟ್ಟದ್ದನ್ನು ಈ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಅಲ್ಲೇ ಇರಲಿ.

ಮೊನ್ನೆ ಶುಕ್ರವಾರ ಗುಡಿಗೆ ಹೋಗಿ ಹೂ ಕೇಳಿದೆ. ಪಾಲಹಳ್ಳಿಯ ನಿನ್ನ ತವರಿನಲ್ಲಿ ಈ ಪದ್ಧತಿ ಇದೆಯೋ ಇಲ್ಲವೋ ಕಾಣೆ. ತಾಯಿಯ ಮುಡಿಯ ಎರಡು ಕಡೆಗೂ ಒದ್ದೆ ಹೂ ಅಂಟಿಸುತ್ತಾರೆ. ಮನಸ್ಸಿನ ಮಾತು ಕೇಳಿ ಕೈ ಮುಗಿದು ನಿಂತಿರಬೇಕು. ಬಲದ ಹೂ ಮೊದಲು ಬಿದ್ದರೆ ಮಾಡು ಅಂತ, ಎಡದ್ದು ಬಿದ್ದರೆ ಬೇಡ ಅಂತ. ಪೂಜಾರಿ ಮುದ್ದಯ್ಯ, "ಗಟ್ಯಾಗಿ ಕೇಳವ್ವ, ತಾಯಿಗೂ ಕೇಳ್ಲಿ, ನನ್ಗೂ ಕೇಳ್ಲಿ" ಅಂದ. "ಅವ್ಳಿಗೆ ಕೇ‍ಳ್ದ್ರೆ ಸಾಕು" ಅಂತ ಮನಸ್ಸಿನಲ್ಲೇ ಕೇಳಿದೆ. ಮಂಗಳಾರತಿ ಮುಗಿಯುವ ಮೊದಲೇ ಬಲಗಡೆಯ ಸೇವಂತಿಗೆ ಜಾರಿ ತಾಯಿಯ ಪಾದದ ಮೇಲೆ ಬಿತ್ತು. ಏನು ಕೇಳಿದೆ ಅಂತ ನೀನು ಕೇಳಬೇಡ.

ಟಪಾಲಿನ ವಿಷಯ ಬರೆದಿದ್ದೀಯ. ಪೋಸ್ಟಿನ ಕುಳ್ಳಯ್ಯ ಬರುತ್ತಾನೆ, ಹೋಗುತ್ತಾನೆ. ಸೈಕಲ್ಲಿಗೆ ಹೊಸ ಬೆಲ್ಲು ಹಾಕಿಸಿದ್ದಾನೆ.

ಜಯಲಕ್ಷ್ಮಮ್ಮ


ಹೈದರಾಬಾದು
೨೮-೭-೧೯೯೭

ಪೂಜ್ಯ ಅತ್ತೆಯವರಿಗೆ,

ಈ ಸಲ ಏನನ್ನೂ ಮುಚ್ಚಿಡದೆ ಬರೆಯುತ್ತೇನೆ. ಕುಳಿತುಕೊಂಡು ಓದಿ.

ನನ್ನ ಕೆಲಸ ಚೆನ್ನಾಗಿ ನಡೆದಿದೆ ಎಂದು ಜೂನ್‌ನಲ್ಲಿ ಬರೆದದ್ದು ಸುಳ್ಳು. ಆ ಉತ್ತರದ ಮೇಲೆ ನನಗೇ ಮಾರ್ಚಿಯಿಂದ ಅನುಮಾನ. ಅಷ್ಟು ದೊಡ್ಡ ಲೆಕ್ಕಕ್ಕೆ ಅಷ್ಟು ಚಿಕ್ಕ ಉತ್ತರ ಬರಬಾರದು. ಎಲ್ಲರೂ ಹೊಗಳಿದರು, ನಾನು ಬಾಯಿ ಮುಚ್ಚಿಕೊಂಡೆ. ತಪ್ಪು ಹುಡುಕಿದೆ, ಸಿಗಲಿಲ್ಲ. ಇಲ್ಲಿನ ಕಂಪ್ಯೂಟರಿಗೆ ವೈರಸ್ ಹೊಕ್ಕು ಎಲ್ಲವೂ ಅಳಿಸಿಹೋದಾಗ ಅರುಣ್ ಈ ಹಾಳೆಗಳನ್ನೇ ನೋಡಿ ನನ್ನ ಕೆಲಸವನ್ನು ಮತ್ತೆ ಟೈಪ್ ಮಾಡಿಕೊಟ್ಟಿದ್ದರು. ನಾನು ತಪ್ಪು ಹುಡುಕಿದ್ದು ಆ ಹೊಸದರಲ್ಲಿ, ಲೆಕ್ಕವನ್ನು ಮತ್ತೆ ನಡೆಸಿ ನೋಡಿರಲಿಲ್ಲ. ಅದರ ಐದನೇ ಹಾಳೆಯಲ್ಲಿ ನಿಮ್ಮ ಹೆಸರು ಕಂಸದೊಳಗೆ ಇದೆ. ಮಾರ್ಚಿಯದರಲ್ಲಿ ಇಲ್ಲ ಎಂದು ನೀವು ಬರೆದಾಗ, ತಪ್ಪು ನನ್ನದೋ, ಅರುಣ್ ಬೇಕೆಂದೇ ನನ್ನದನ್ನು ತಿದ್ದಿ ನನಗೆ ಹೇಳದೆ ಉಳಿದರೋ ಎಂದು ಅವರನ್ನೂ ಸಂಶಯಪಟ್ಟೆ. ಅದಕ್ಕೇ ತೋರಿಸಬೇಡಿ ಎಂದದ್ದು. ಅವರು ಎಲ್ಲಾ ಹಾಳೆಗೂ ಒಂದೇ ತಲೆಸಾಲನ್ನು ಅಂಟಿಸಿದ್ದರಂತೆ, ಅಷ್ಟೇ. ನೀವು ತಾರೀಖು ಬರೆದ ಮೇಲೆ ಖಾತ್ರಿಯಾಯಿತು. ತಪ್ಪು ನನ್ನದು.

ಆದದ್ದು ಇಷ್ಟು. ಹಾಳೆಗಳ ಹೊರಗೆ, ಇಡೀ ಲೆಕ್ಕಕ್ಕೆ ಸೇರಿದ ಒಂದು ಅತ್ತೆ ಇದ್ದರು. ಆ ಹೆಸರಿಗೆ ನಾನು ಯಾವ ಬೆಲೆಯನ್ನೂ ಕೊಟ್ಟಿರಲಿಲ್ಲ. ಅದು ಹೆಸರಾಗಿಯೇ ಕೊನೆಯವರೆಗೆ ಉಳಿಯಬೇಕಾದದ್ದು. ಹಾಳೆಯ ಒಳಗೆ ಅದೇ ಹೆಸರನ್ನು ಕೊಳಗದಂತೆ ಬಳಸುತ್ತಿದ್ದೆ. ಕಂಸದಲ್ಲಿ ಹೆಸರು ಬರೆದರೆ ಯಂತ್ರ ಅದನ್ನು ಒಳಗಿನದು ಎಂದು ಬೇರೆ ಇಡುತ್ತದೆ. ಬರೆಯದಿದ್ದರೆ ಹೊರಗಿನ ಅತ್ತೆಯನ್ನೇ ಕರೆತಂದು ಬಳಸುತ್ತದೆ. ಐದನೇ ಹಾಳೆಯಲ್ಲಿ ಬರೆಯಲು ಮರೆತೆ. ಒಳಗಿನ ಸೊನ್ನೆ ಹೊಸ್ತಿಲು ದಾಟಿ ಹೊರಗಿನ ನಿಮಗೆ ತಗಲಿತು. ಆ ಹಾಳೆಯಲ್ಲಿ ಕೊಳಗಕ್ಕೆ ಏನೂ ಬೀಳಲಿಲ್ಲವಾದ್ದರಿಂದ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಅಲ್ಲಿಂದ ಮುಂದೆ ನಿಮ್ಮಿಂದ ಗುಣಿಸಿದ್ದೆಲ್ಲವೂ ಸೊನ್ನೆಯಾಗಿ ಅಳಿಸಿಹೋಯಿತು. ಉತ್ತರ ಚಿಕ್ಕದಾದದ್ದು ಅದಕ್ಕೆ. ಹೊರಗಿನ ಅತ್ತೆಗೆ ತಗಲುವುದಿಲ್ಲ ಎಂದು ನಿಮಗೆ ಧೈರ್ಯವಾಗಿ ಬರೆದೆನಲ್ಲ, ತಗಲಿಯೇ ಇತ್ತು.

ಇನ್ನೂ ನಾಚಿಕೆಯ ಮಾತು ಇದೆ. ಮಾರ್ಚಿಯಲ್ಲೇ ಅನುಮಾನ ಬಂದು ಯಂತ್ರವನ್ನು ಕೇಳಿದ್ದೆ: ಈ ಉತ್ತರದಲ್ಲಿ ಅತ್ತೆ ಎಲ್ಲಾದರೂ ಇದ್ದಾರೆಯೇ? ಇಲ್ಲ ಎಂದಿತು. ನಂಬಿದೆ. ಆದರೆ ಯಂತ್ರದ ಪದ್ಧತಿ ಏನೆಂದರೆ, ನಾವು ಕೇಳಿದ್ದನ್ನು ಹಾಗೆಯೇ ಮುಂದಕ್ಕೆ ಒಪ್ಪಿಸುವುದಿಲ್ಲ. ಪ್ರಶ್ನೆಯಲ್ಲಿರುವ ಹೆಸರಿಗೆ ಅಷ್ಟರಲ್ಲಿ ಬೆಲೆ ಬಿದ್ದಿದ್ದರೆ, ಹೆಸರು ತೆಗೆದು ಆ ಬೆಲೆಯನ್ನು ಇಟ್ಟು, ಆಮೇಲೆ ಒಪ್ಪಿಸುತ್ತದೆ. ನನ್ನ ಪ್ರಶ್ನೆ ಹೋಗಿ ತಲುಪುವ ಹೊತ್ತಿಗೆ ಅದರಲ್ಲಿ ನೀವಿರಲಿಲ್ಲ, ನಿಮ್ಮ ಜಾಗದಲ್ಲಿ ಸೊನ್ನೆ ಇತ್ತು. ಯಂತ್ರ ಸುಳ್ಳು ಹೇಳಲಿಲ್ಲ. ತನ್ನ ಕೈಗೆ ಬಂದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಿತು. ಅದು ನಾನು ಕೇಳಬೇಕೆಂದಿದ್ದ ಪ್ರಶ್ನೆಯಾಗಿರಲಿಲ್ಲ. ಹೆಸರನ್ನು ಬಿಚ್ಚದೆ ಒಪ್ಪಿಸು ಎನ್ನಲು ಹೋಲ್ಡ್ ಎಂಬ ಒಂದು ಮಾತಿದೆ, ಲಕೋಟೆಯ ಬಾಯಿ ಅಂಟಿಸಿ ಕೊಟ್ಟ ಹಾಗೆ. ಅದನ್ನು ಹಾಕಲಿಲ್ಲ.

ಇಷ್ಟು ದೊಡ್ಡವರು ಕೂತು ನೋಡಿದರೂ ಸಿಗದ ತಪ್ಪನ್ನು ನೀವು ಅಕ್ಕಿ ಆರಿಸುವ ಕಣ್ಣಿನಲ್ಲಿ ಹಿಡಿದಿರಿ. ಪ್ರೊಫೆಸರಿಗೆ ಹೇಳಿದೆ. "ನಿಮ್ಮ ಅತ್ತೆ ಯಾವ ಕಾಲೇಜಿನಲ್ಲಿದ್ದಾರೆ?" ಎಂದು ಕೇಳಿದರು. ಲೆಕ್ಕವನ್ನು ಮತ್ತೆ ಮಾಡಿಸಿದ್ದೇವೆ. ನಿಜವಾದ ಉತ್ತರ ಒಂದೂವರೆ ಪುಟ ಇದೆ. ಚಂದವಾಗಿಲ್ಲ. ಆದರೆ ಎಲ್ಲಾ ಸಾಲಿನಲ್ಲೂ ನೀವಿದ್ದೀರಿ.

'ಅವರು' ಯಾರೆಂದು ಕೇಳಿದಿರಿ. ಮದುವೆಯಾಗಿ ಬಂದ ಮೂರನೆಯ ದಿನ ನಾನು ಇವರನ್ನು ಹೆಸರು ಹಿಡಿದು ಕೂಗಿದೆ. ನೀವು ಒಳಗಿನಿಂದ ಓಡಿಬಂದು, "ಗಂಡನ್ ಹೆಸರ ಬಾಯಲ್ಲಿ ತಗೀಬ್ಯಾಡ ಕನವ್ವ, ಆಯಸ್ಸು ಕಮ್ಮಿ ಆಯ್ತದೆ" ಎಂದಿರಿ. ಅವತ್ತಿನಿಂದ ತೆಗೆದಿಲ್ಲ. ಯಂತ್ರಕ್ಕೂ ಹೇಳಲಿಲ್ಲ. ನೀವು ಮಾವನವರನ್ನು ಇವತ್ತಿಗೂ ಏನೆಂದು ಕರೆಯುತ್ತೀರಿ?

ಇನ್ನು ನನ್ನ ವಿಷಯ. ಪಿಎಚ್.ಡಿ.ಗೆ ಸೇರುವ ಕಾಗದಕ್ಕೆ ಆಗಸ್ಟ್ ಹದಿನಾಲ್ಕರೊಳಗೆ ರುಜು ಹಾಕಬೇಕು. ಹಾಕಿದರೆ ಮೂರು ವರ್ಷ ಇಲ್ಲೇ. ನಾಗಮಂಗಲದಿಂದ ಕರೆ ಬಂದಿದ್ದರೆ ಹಾಕುತ್ತಿರಲಿಲ್ಲ. ನೀವು ಕುಳ್ಳಯ್ಯನ ಬೆಲ್ಲಿನ ವಿಷಯ ಬರೆದಿರಿ, ಕಾಗದದ ವಿಷಯ ಬರೆಯಲಿಲ್ಲ. ಬಂದಿಲ್ಲ ಎಂದೇ ತಿಳಿದುಕೊಳ್ಳುತ್ತೇನೆ. ಬೇರೆ ರೀತಿ ತಿಳಿದುಕೊಳ್ಳಲು ನನಗೆ ಇಷ್ಟವಿಲ್ಲ.

ನಿಮ್ಮ ಸೊಸೆ
ಪ್ರಮೀಳಾ


ಕೊಪ್ಪಲು
೫-೮-೧೯೯೭

ಸೌಭಾಗ್ಯವತಿ ಪ್ರಮೀಳಾಳಿಗೆ,

ಕುಮಾರ ಇವತ್ತು ಪೇಟೆಯ ಬೂತಿನಿಂದ ನಿನ್ನ ಹಾಸ್ಟೆಲಿಗೆ ಫೋನು ಮಾಡಿ ರುಜು ಹಾಕಬೇಡ ಅನ್ನುತ್ತಾನೆ. ಸಂದರ್ಶನದ ತಾರೀಖನ್ನೂ ಹೇಳುತ್ತಾನೆ. ಆಗಸ್ಟ್ ಹದಿನೆಂಟು, ಸೋಮವಾರ, ಬೆಳಗ್ಗೆ ಹತ್ತು ಗಂಟೆ. ಮಿಕ್ಕದ್ದನ್ನು ಅವನು ಹೇಳಕೂಡದು, ನಾನೇ ಬರೆಯಬೇಕು ಅಂತ ಅವನ ಕೈಯಲ್ಲಿ ಭಾಷೆ ತೆಗೆದುಕೊಂಡಿದ್ದೇನೆ.

ನಾಗಮಂಗಲದ ಕಾಗದ ಜುಲೈ ಹದಿನಾರಕ್ಕೇ ಬಂದಿತ್ತು. ಲಕೋಟೆಯ ಮೇಲೆ ನಿನ್ನ ಹೆಸರಿತ್ತು. ನಾನು ಒಡೆದೆ. ಈ ಮನೆಗೆ ಯಾರ ಕಾಗದ ಬಂದರೂ ನಾನು ಒಡೆದು ನೋಡಿ, ಒಳ್ಳೆಯದೋ ಕೆಟ್ಟದ್ದೋ ತಿಳಿದ ಮೇಲೆ ಅವರ ಕೈಗೆ ಕೊಡುವುದು ಮೊದಲಿನಿಂದ ನಡೆದುಬಂದದ್ದು. ನಿನ್ನ ಮಾವನ ಅಣ್ಣ ತೀರಿಕೊಂಡ ಕಾರ್ಡನ್ನು ಅವರು ಉಂಡ ಮೇಲೆ ಕೊಟ್ಟಿದ್ದೆ, ಅವತ್ತು ಊರೆಲ್ಲ ಒಳ್ಳೆಯ ಕೆಲಸ ಮಾಡಿದೆ ಅಂದಿತ್ತು. ಇದನ್ನು ಒಡೆದೆ, ನಾಗಮಂಗಲ, ಇಂಟರ್‌ವ್ಯೂ ಅನ್ನುವ ಅಕ್ಷರ ಕೂಡಿಸಿ ಇದು ಅದೇ ಅಂತ ತಿಳಿದುಕೊಂಡೆ, ತಾಯಿಯ ಪಟದ ಹಿಂದೆ ನಿನ್ನ ಐದನೇ ಹಾಳೆಯ ಜೊತೆ ಇಟ್ಟೆ. ಎರಡು ದಿನ ಕಳೆದು ಹೂ ಕೇಳಲು ಹೋದೆ.

ನಿನ್ನ ಕಾಗದ ನಿನ್ನೆ ಬಂತು. ಅದರಲ್ಲಿ ಯಂತ್ರ ಪ್ರಶ್ನೆ ಒಪ್ಪಿಸುವ ರೀತಿ ಬರೆದಿದ್ದೀಯಲ್ಲ, ಆ ಭಾಗವನ್ನು ಮೂರು ಸಲ ಓದಿದೆ. ಓದಿದ ಮೇಲೆ ಒಲೆಯ ಮೇಲಿದ್ದ ಸಾರು ಇಳಿಸಿ ಗುಡಿಗೆ ಹೋದೆ. ಮುದ್ದಯ್ಯ ಬಾಗಿಲು ಹಾಕುತ್ತಿದ್ದ.

"ಮುದ್ದಯ್ಯ, ಇನ್ನೊಂದ್ಸಲ ಹೂ ಇಡು."

"ಯಾವ ಮಾತ್ಗೆ?"

"ಅವತ್ತಿಂದೇಯ."

"ಒಂದೇ ಮಾತ್ಗೆ ಎರಡು ದಪ ಕೇಳಂಗಿಲ್ಲ ಕನವ್ವ. ತಾಯಿ ಏನು ಕಿವುಡೀನಾ?"

"ಅವ್ಳು ಕಿವುಡಿ ಅಲ್ಲ. ನಾನೇ ಕೇಳ್ದೆ ಇರೋದ್ನ ಕೇಳ್ಬುಟ್ಟಿದ್ದೀನಿ."

ಆಮೇಲೆ ಅವನಿಗೆ ಹೇಳಿದೆ. ನಿನಗೂ ಹೇಳುತ್ತೇನೆ. ಅವತ್ತು ನಾನು ಕೇಳಿದ್ದು, "ತಾಯಿ, ಈ ಮನೆ ಮುರಿಯೋ ಕಾಗ್ದವ ಬಚ್ಚಿಡ್ಲಾ?" ಅಂತ.

ಮುದ್ದಯ್ಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ಕೂತ. "ಮನೆ ಮುರಿಯೋ ಕಾಗ್ದ ಅಂದ್ಮೇಲೆ ಯಾವ ತಾಯಿ ಕೊಡು ಅಂದಾಳು? ನಿನ್ನ ಸೊಸೆಗೆ ಬಂದ ಕಾಗ್ದ ಅಂತ ಕೇಳ್ಬೇಕಿತ್ತು. ತೀರ್ಪು ನೀನೇ ಬರ್ಕೊಂಡು ಬಂದು ಅವ್ಳ ಕೈಲಿ ರುಜು ಹಾಕಿಸ್ಕೊಂಡಿದ್ದೀಯ."

"ಈಗ ಏನ್ಮಾಡ್ಲಿ?"

"ಈಗ ಹೂ ಇಲ್ಲ. ನೀನೇ ನೋಡ್ಕೊ."

ಮೂವತ್ತು ವರ್ಷದಿಂದ ತಾಯಿಯ ಅಪ್ಪಣೆ ಮೀರಿದವಳಲ್ಲ ನಾನು. ಹಸು ಮಾರುವುದಕ್ಕೂ ಹೂ, ಕುಮಾರನಿಗೆ ನಿನ್ನನ್ನು ತರುವುದಕ್ಕೂ ಹೂ. ಬಲದ ಹೂ ಬಿದ್ದ ಮೇಲೆ ಅದಕ್ಕೆ ಎದುರು ನಡೆದದ್ದೇ ಇಲ್ಲ. ಗುಡಿಯ ಮುಂದೆ ಹೊತ್ತು ಮುಳುಗುವ ತನಕ ಕೂತಿದ್ದೆ. ಕೊನೆಗೆ ಹೊಳೆದದ್ದು ಇಷ್ಟು. ತಾಯಿ ಸುಳ್ಳು ಹೇಳಲಿಲ್ಲ. ನನ್ನ ಕೈಯಿಂದ ಹೋದದ್ದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಳು. ಆ ಹೂವು ನನ್ನ ಪ್ರಶ್ನೆಗೆ ಬಿದ್ದದ್ದು, ನಿನ್ನ ಕಾಗದಕ್ಕೆ ಬಿದ್ದದ್ದಲ್ಲ. ತಪ್ಪಾದರೆ ನನಗೆ ತಗಲಲಿ.

ಮನೆಗೆ ಬಂದು ಇಬ್ಬರಿಗೂ ಹೇಳಿದೆ. ಕುಮಾರ, "ಇಪ್ಪತ್ತು ದಿನ ಅವಳು ಪ್ರತಿ ಭಾನುವಾರ ಫೋನಲ್ಲಿ ಕೇಳ್ದಾಗ್ಲೂ ಬಂದಿಲ್ಲ ಅಂತ ಹೇಳಿದ್ದು ನಾನು ಕನವ್ವ. ನನ್ನ ಬಾಯಲ್ಲಿ ಸುಳ್ಳು ಹೇಳಿಸ್ಬುಟ್ಟಲ್ಲ" ಅಂದು ತಟ್ಟೆ ಸರಿಸಿ ಎದ್ದುಹೋದ. ನಿನ್ನ ಮಾವನಿಗೆ ನಗು ಬರಲಿಲ್ಲ. ಅದನ್ನು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು. ಅವರು ಮಗುವಿನ ಹತ್ತಿರ, "ನಿಮ್ಮಜ್ಜಿ ಕಣ್ಣು ಬಲೇ ಚುರುಕು ಕನ್ಲಾ ಮಗ, ಐದ್ರಾಬಾದಿನ ತಪ್ಪೂ ಕಾಣ್ತದೆ. ಪಟದ ಹಿಂದಿಂದು ಕಾಣ್ನಿಲ್ಲ" ಅಂದರು.

ಅವರು ಅಂದಾಗ ನೆನಪಾಯಿತು. ನಾನು ಅವರನ್ನು ಇವತ್ತಿಗೂ 'ಅವರು' ಅಂತಲೇ ಕರೆಯುವುದು. ಈ ಕಾಗದದಲ್ಲೂ ಎಷ್ಟು ಸಲ ಬರೆದಿದ್ದೇನೆ, ಎಣಿಸಿ ನೋಡು. ಅಷ್ಟು ಹತ್ತಿರದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ಸಂದರ್ಶನದ ಕಾಗದ ಇದರ ಜೊತೆ ಇಟ್ಟಿದ್ದೇನೆ. ಪ್ರೊಫೆಸರ ಕೈಯಿಂದ ಒಂದು ಪ್ರಮಾಣಪತ್ರ ತರಬೇಕು ಅಂತ ಕೆಳಗೆ ಇದೆ, ಕುಮಾರ ಓದಿ ಹೇಳಿದ. ನಾನು ಒಡೆದ ಲಕೋಟೆಗೆ ಅನ್ನದ ಅಂಟು ಹಾಕಿ ಮುಚ್ಚಿ, ಅದರ ಮೇಲೆ ಇನ್ನೊಂದು ಲಕೋಟೆ ಹಾಕಿ, ನಿನ್ನ ಹೆಸರು, ವಿಳಾಸ ಬಿಟ್ಟು ಏನೂ ಬರೆದಿಲ್ಲ. ರಿಜಿಸ್ಟರ್ ಮಾಡಲು ಇವತ್ತು ನಾನೇ ಪೇಟೆಗೆ ಹೋಗುತ್ತೇನೆ. ಕುಳ್ಳಯ್ಯನ ಕೈಗೆ ಕೊಡುವುದಿಲ್ಲ. ಅವನ ಮೇಲೆ ಅನುಮಾನ ಅಂತಲ್ಲ. ಇದೆ, ಸ್ವಲ್ಪ.

ನೀನು ಬರೆದದ್ದನ್ನೆಲ್ಲ ನಂಬಿದ್ದೇನೆ ಅಂತಲೂ ತಿಳಿಯಬೇಡ. ಅರುಣ್ ಲೋಟ ಕೆಳಗಿಟ್ಟು ಓಡಿದ್ದು ಏಕೆ ಅನ್ನುವುದು ಇನ್ನೂ ನನಗೆ ತಿಳಿದಿಲ್ಲ. ಕೆಲಸ ಸಿಕ್ಕರೆ ನಾಗಮಂಗಲದಲ್ಲಿ ಮನೆ ಮಾಡುತ್ತೀಯೋ, ಇಲ್ಲಿಂದ ಓಡಾಡುತ್ತೀಯೋ, ನೀನು ಹೇಳಿಲ್ಲ. ನಾನೂ ಈಗ ಕೇಳುವುದಿಲ್ಲ. ಉತ್ತರವನ್ನು ಒಳಗಿಡದೆ ಕೇಳುವುದು ಬಂದ ದಿನ ಕೇಳುತ್ತೇನೆ.

ಐದನೇ ಹಾಳೆಯನ್ನೂ ಇಟ್ಟಿದ್ದೇನೆ. ಕಂಸದಲ್ಲಿ ಭೂಮಿಯ ಹಿಂದೆ ಒಂದು ಹೆಸರಿಗಾಗುವಷ್ಟು ಜಾಗ ಇತ್ತು. ಮಗುವಿನ ಸೀಸದಕಡ್ಡಿ ಇಸಕೊಂಡು ಅಲ್ಲಿ ಎ, ಟಿ, ಟಿ, ಇ ಅಂತ ನಾನೇ ಬರೆದಿದ್ದೇನೆ. ಎರಡನೇ ಟಿ ಸೊಟ್ಟಗಾಗಿದೆ. ನಾನು ಒಳಗೆ ಮಾಡಿದ್ದು ಇನ್ನು ಹೊರಗೆ ತಗಲದಿರಲಿ.

ಜಯಲಕ್ಷ್ಮಮ್ಮ